ಮತ್ತೆ ಮತ್ತೆ ಬರುವ ಉರಿಮೂತ್ರ: ತಡೆಯಲು ನೀವು ಏನು ಮಾಡಿದಿರಿ?

ಡೊಂಬಿವಲಿಯಿಂದ ಒಬ್ಬರು ಕೇಳಿದ್ದು:
ಅಕ್ಕಂದಿರೇ, ವರ್ಷದೊಳಗೆ ನನಗೆ ಮೂರನೆಯ ಸಲ ಮೂತ್ರದ ಸೋಂಕು ಬಂದಿದೆ. ಹೋದ ಸಲ ಕಿಡ್ನಿಗೂ ಏರಿ ಚಳಿಜ್ವರ, ಪಕ್ಕೆನೋವು ಬಂದು ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ಕೆಲಸ ಮುಂಬೈಯ ಫೋರ್ಟ್‌ನಲ್ಲಿ. ಬೆಳಿಗ್ಗೆ ಲೋಕಲ್ ರೈಲು ಹತ್ತಿದರೆ ಮನೆ ಸೇರುವುದು ರಾತ್ರಿಯೇ. ಅತ್ತೆ ಬಾರ್ಲಿ ನೀರು ಕುಡಿ ಎನ್ನುತ್ತಾರೆ, ಪಕ್ಕದ ಮನೆಯವರು ಕ್ರ್ಯಾನ್‌ಬೆರಿ ಹಣ್ಣು ಎನ್ನುತ್ತಾರೆ, ಔಷಧಿ ಅಂಗಡಿಯವರು ಹೋದ ಸಲದ ಮಾತ್ರೆಯನ್ನೇ ಕೊಡಲು ತಯಾರಿದ್ದಾರೆ. ಇದು ಬರದಂತೆ ತಡೆಯಲು ನಿಮಗೆ ಯಾವುದು ಫಲಿಸಿತು, ಹೇಳುವಿರಾ?

ಕಲ್ಯಾಣ್‌ನಿಂದ, ಬ್ಯಾಂಕ್ ಉದ್ಯೋಗಿ:
ತಂಗಿ, ಮೊದಲು ಒಂದು ಪ್ರಶ್ನೆ. ಬೆಳಿಗ್ಗೆ ಎದ್ದಾಗಿನಿಂದ ಕಚೇರಿ ತಲುಪುವವರೆಗೆ ಎಷ್ಟು ನೀರು ಕುಡಿಯುತ್ತೀರಿ? ನಮ್ಮ ಮಹಿಳಾ ಡಬ್ಬಿಯಲ್ಲಿ ಇದನ್ನು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ಅರ್ಧ ಲೋಟ ಚಹಾ. ಲೋಕಲ್‌ನಲ್ಲಿ ಶೌಚಾಲಯವಿಲ್ಲ, ನಿಲ್ದಾಣದ ಶೌಚಾಲಯಕ್ಕೆ ಹೋಗಲು ಹೇಸಿಗೆ, ಆದ್ದರಿಂದ ನೀರೇ ಬೇಡ. ಹೀಗೆ ಬಾಯಾರಿಕೆಯನ್ನೂ ಮೂತ್ರವನ್ನೂ ಒಟ್ಟಿಗೆ ಕಟ್ಟಿಟ್ಟುಕೊಂಡು ದಿನ ಕಳೆಯುವುದನ್ನು ನಾವು ಜಾಣತನ ಎಂದುಕೊಂಡಿದ್ದೇವೆ. ನನಗೆ ಇದರ ಬಗ್ಗೆ ಸಿಟ್ಟಿದೆ. ಗಂಡಸರಿಗೆ ಮೂತ್ರಾಲಯ ಉಚಿತ, ಹೆಂಗಸರಿಂದ ಮಾತ್ರ ಹಣ ಎಂಬ ಪದ್ಧತಿಯ ವಿರುದ್ಧ ಇದೇ ಮುಂಬೈಯ ಹೆಣ್ಣುಮಕ್ಕಳು 2011ರಲ್ಲಿ ‘ರೈಟ್ ಟು ಪೀ’ (ಮೂತ್ರ ಮಾಡುವ ಹಕ್ಕು) ಚಳವಳಿ ಹೂಡಬೇಕಾಯಿತು. ಇದು ನಾಚಿಕೆಯಿಂದ ಮುಚ್ಚಿಡುವ ಸಂಗತಿಯಲ್ಲ.

ನಾನು ಮಾಡಿಕೊಂಡ ವ್ಯವಸ್ಥೆ ಹೀಗಿದೆ. ಮನೆಯಿಂದ ಫೋರ್ಟ್‌ವರೆಗಿನ ದಾರಿಯಲ್ಲಿ ಬಳಸಲು ಯೋಗ್ಯವಾದ ಶೌಚಾಲಯ ಎಲ್ಲೆಲ್ಲಿದೆ ಎಂದು ಗುರುತಿಟ್ಟುಕೊಂಡಿದ್ದೇನೆ. ನಿಲ್ದಾಣ, ಮಾಲ್, ಉಡುಪಿ ಹೋಟೆಲ್, ಪರಿಚಯದವರ ಕಚೇರಿ ಎಲ್ಲವೂ ಅದರಲ್ಲಿವೆ. ಪರ್ಸಿನ ಹೊರಗಿನ ಜೇಬಿನಲ್ಲಿ ಚಿಲ್ಲರೆ, ಟಿಶ್ಯೂ, ಒಂದು ಸಣ್ಣ ಖಾಲಿ ಬಾಟಲಿ ಇರುತ್ತವೆ. ಬಾಟಲಿ ಏಕೆಂದರೆ ನಲ್ಲಿಯಲ್ಲಿ ನೀರಿದ್ದರೂ ಮಗ್ ಇರುವುದಿಲ್ಲ. ಕುಡಿಯುವ ನೀರಿನ ಒಂದು ಲೀಟರ್ ಬಾಟಲಿ ಊಟದ ಹೊತ್ತಿಗೆ ಖಾಲಿಯಾಗಬೇಕು, ಮತ್ತೆ ತುಂಬಿಸಿದ್ದು ಹೊರಡುವ ಒಂದು ಗಂಟೆ ಮೊದಲು ಮುಗಿಯಬೇಕು. ರೈಲು ಹತ್ತುವ ಮುಂಚೆ, ಒತ್ತಡವಿರಲಿ ಬಿಡಲಿ, ಒಮ್ಮೆ ಹೋಗಿಬರುತ್ತೇನೆ. ಹಾಗೆ ಶುರುಮಾಡಿದ ಮೇಲೆ ಸೋಂಕು ಬಂದಿಲ್ಲವೆಂದಲ್ಲ, ಬಹಳ ಅಪರೂಪವಾಗಿದೆ.

ಸಾಯನ್‌ನಿಂದ, ಶುಶ್ರೂಷಕಿ:
ಮೇಲಿನವರು ಹೇಳಿದ ನೀರಿನ ಮಾತಿಗೆ ಒಳ್ಳೆಯ ಆಧಾರವಿದೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಪದೇಪದೇ ಸೋಂಕು ಬರುತ್ತಿದ್ದ, ನೀರು ಕಡಿಮೆ ಕುಡಿಯುತ್ತಿದ್ದ 140 ಮಹಿಳೆಯರಲ್ಲಿ ಅರ್ಧ ಜನರಿಗೆ ದಿನಕ್ಕೆ ಒಂದೂವರೆ ಲೀಟರ್ ನೀರು ಹೆಚ್ಚಾಗಿ ಕುಡಿಯಲು ಹೇಳಿದರು. ವರ್ಷದಲ್ಲಿ ಅವರಿಗೆ ಸರಾಸರಿ 1.7 ಸಲ ಸೋಂಕು ಬಂತು, ಉಳಿದವರಿಗೆ 3.2 ಸಲ. ಬಾರ್ಲಿ ನೀರು, ಎಳನೀರು, ಜೀರಿಗೆ ನೀರು ಎಲ್ಲದರ ಗುಣವೂ ಬಹುಮಟ್ಟಿಗೆ ಅದರಲ್ಲಿರುವ ನೀರಿನದೇ. ಅತ್ತೆಯವರ ಮಾತು ಕೇಳಿ, ತೊಂದರೆಯಿಲ್ಲ. ಹೃದಯ ಅಥವಾ ಕಿಡ್ನಿಯ ಕಾಯಿಲೆಗೆ ನೀರಿನ ಮಿತಿ ಹೇಳಿಸಿಕೊಂಡವರು ಮಾತ್ರ ವೈದ್ಯರನ್ನು ಕೇಳದೆ ಹೆಚ್ಚಿಸಬಾರದು.

ಸಾರ್ವಜನಿಕ ಶೌಚಾಲಯದಿಂದ ಸೋಂಕು ತಗಲುತ್ತದೆ ಎಂಬ ಭಯವನ್ನು ದಯವಿಟ್ಟು ಬಿಡಿ. ಹೆಚ್ಚಿನ ಸಲ ಕಾರಣವಾಗುವುದು ಇ. ಕೋಲಿ ಎಂಬ ಬ್ಯಾಕ್ಟೀರಿಯಾ, ಅದು ಇರುವುದು ನಮ್ಮದೇ ಕರುಳಿನಲ್ಲಿ. ಹೆಂಗಸರ ಮೂತ್ರನಾಳ ಸುಮಾರು 4 ಸೆಂಟಿಮೀಟರ್ ಅಷ್ಟೇ, ಗುದದ್ವಾರಕ್ಕೂ ಹತ್ತಿರ. ಅಲ್ಲಿಂದ ಮೂತ್ರಕೋಶಕ್ಕೆ ಹತ್ತುವುದು ಸುಲಭ. ಮೂತ್ರ ತುಂಬಿ ನಿಂತಷ್ಟು ಹೊತ್ತೂ ಅಲ್ಲಿ ಬೆಳೆಯಲು ಅವಕ್ಕೆ ಸಮಯ ಸಿಗುತ್ತದೆ. ಹೇಸಿಗೆಗೆ ಹೆದರಿ ಕಟ್ಟಿಕೊಂಡು ಕೂರುವುದೇ ಹೆಚ್ಚು ಕೆಟ್ಟದ್ದು. ತೊಳೆಯುವುದು, ಒರೆಸುವುದು ಮುಂದಿನಿಂದ ಹಿಂದಕ್ಕೆ ಇರಲಿ.

ಕ್ರ್ಯಾನ್‌ಬೆರಿಯಿಂದ ಪದೇಪದೇ ಸೋಂಕು ಬರುವ ಮಹಿಳೆಯರಿಗೆ ಸ್ವಲ್ಪ ಮಟ್ಟಿನ ರಕ್ಷಣೆ ಸಿಗುತ್ತದೆ, ಆದರೆ ಬಂದ ಸೋಂಕನ್ನು ಅದು ಗುಣಪಡಿಸದು. ಡಬ್ಬಿಯ ಸಿಹಿ ಜ್ಯೂಸ್ ಬೇಡ. ಸೋಂಕು ತಡೆಯುತ್ತದೆ ಎಂದು ಮಾರುವ ಡಿ-ಮ್ಯಾನೋಸ್ ಎಂಬ ಸಕ್ಕರೆಯ ಪುಡಿಗೆ ದುಡ್ಡು ಸುರಿಯುವ ಮುನ್ನ ಯೋಚಿಸಿ. 2024ರ ದೊಡ್ಡ ಪ್ರಯೋಗವೊಂದರಲ್ಲಿ ಅದರಿಂದ ಉಪಯೋಗ ಕಾಣಲಿಲ್ಲ.

ಔಷಧಿ ಅಂಗಡಿಯವರ ಮಾತನ್ನು ಮಾತ್ರ ಖಂಡಿತ ಕೇಳಬೇಡಿ. ನಮ್ಮ ದೇಶದಲ್ಲಿ ಸಿಪ್ರೊಫ್ಲಾಕ್ಸಾಸಿನ್‌ನಂತಹ ಆಂಟಿಬಯಾಟಿಕ್ ಮಾತ್ರೆಗಳಿಗೆ ಬಗ್ಗದ ಇ. ಕೋಲಿ ಬಹಳ ಸಾಮಾನ್ಯ. ಮೂತ್ರಕೋಶದ ಸೋಂಕಿಗೆ ಕೊಡುವ ನೈಟ್ರೊಫ್ಯುರಾಂಟೊಯಿನ್ ಎಂಬ ಆಂಟಿಬಯಾಟಿಕ್ ಕಿಡ್ನಿಯ ಸೋಂಕಿಗೆ ಸಾಲದು. ಉರಿ ಇಳಿಸುವ ಸಿರಪ್ ಉರಿಯನ್ನು ಇಳಿಸುತ್ತದೆ, ರೋಗಾಣುವನ್ನು ಕೊಲ್ಲುವುದಿಲ್ಲ. ನಿಮ್ಮಂತೆ ವರ್ಷಕ್ಕೆ ಮೂರು ಸಲ, ಅಥವಾ ಆರು ತಿಂಗಳಲ್ಲಿ ಎರಡು ಸಲ ಬಂದರೆ ಅದನ್ನು ‘ಮರುಕಳಿಸುವ ಸೋಂಕು’ ಎಂದೇ ಪರಿಗಣಿಸುತ್ತಾರೆ. ಪ್ರತಿ ಸಲವೂ ಯೂರಿನ್ ಕಲ್ಚರ್ (ಮೂತ್ರದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಿ, ವರದಿಗಳನ್ನೆಲ್ಲ ಒಂದೇ ಫೈಲಿನಲ್ಲಿಡಿ. ಕಿಡ್ನಿಗೆ ಏರಿದ್ದರಿಂದ ಕಲ್ಲು ಅಥವಾ ಮೂತ್ರ ಹರಿಯಲು ಅಡ್ಡಿ ಇದೆಯೇ ಎಂದು ನೋಡಲು ಸೊನೊಗ್ರಫಿ ಆಗಿದೆಯೇ ಎಂದು ವೈದ್ಯರನ್ನು ಕೇಳಿ. ಮತ್ತೆ ಚಳಿಜ್ವರ, ಪಕ್ಕೆನೋವು, ವಾಂತಿ ಕಂಡರೆ ಅಂದೇ ಹೋಗಿ, ಬೆಳಗಾಗಲಿ ಎಂದು ಕಾಯಬೇಡಿ.

ವಾಶಿಯಿಂದ:
ಯಾರೂ ಬರೆಯದ ಒಂದು ವಿಷಯ. ನನಗೆ ಪ್ರತಿ ಸಲವೂ ಗಂಡಹೆಂಡಿರ ಸಂಬಂಧವಾದ ಒಂದೆರಡು ದಿನದಲ್ಲೇ ಉರಿ ಶುರುವಾಗುತ್ತಿತ್ತು. ನಾಚಿಕೆ ಬಿಟ್ಟು ಹೇಳಿದಾಗ ಸ್ತ್ರೀರೋಗ ತಜ್ಞೆ ಸರಳವಾಗಿ ಹೇಳಿದರು: ಆದ ಮೇಲೆ ಎದ್ದು ಮೂತ್ರಕ್ಕೆ ಹೋಗಿ, ವೀರ್ಯಾಣುನಾಶಕ ಲೇಪಿಸಿದ ಕಾಂಡೋಮ್ ಬೇಡ, ಸ್ನಾನದ ನೀರಿಗೆ ಡೆಟಾಲ್ ಹಾಕಿ ಒಳಗೆ ತೊಳೆಯುವುದನ್ನು ನಿಲ್ಲಿಸಿ. ಅಲ್ಲಿ ನಮ್ಮನ್ನು ಕಾಯುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಇವೆಯಂತೆ, ಡೆಟಾಲ್ ಅವನ್ನೂ ಕೊಲ್ಲುತ್ತದೆ. ಇಷ್ಟಕ್ಕೂ ಬಗ್ಗದಿದ್ದರೆ ಸಂಬಂಧದ ನಂತರ ಒಂದೇ ಆಂಟಿಬಯಾಟಿಕ್ ಮಾತ್ರೆ ತೆಗೆದುಕೊಳ್ಳುವ ಕ್ರಮವೂ ಇದೆ ಎಂದರು. ನನಗೆ ಅದು ಬೇಕಾಗಲಿಲ್ಲ.

ಪುಣೆಯ ಕೋಥರೂಡ್‌ನಿಂದ, ನಿವೃತ್ತ ಶಿಕ್ಷಕಿ:
ತಂಗಿ, ನಿನ್ನ ವಯಸ್ಸಿನವರಿಗಲ್ಲ, ನಿನ್ನ ಅತ್ತೆಯ ವಯಸ್ಸಿನವರಿಗಾಗಿ ಬರೆಯುತ್ತಿದ್ದೇನೆ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಹಾರ್ಮೋನು ಇಳಿದು ಯೋನಿಯ ಭಾಗ ಒಣಗುತ್ತದೆ, ಸೋಂಕು ಬೇಗ ತಗಲುತ್ತದೆ. ವೈದ್ಯರು ಬರೆದುಕೊಟ್ಟ ಈಸ್ಟ್ರೊಜೆನ್ ಕ್ರೀಮ್ ಹಚ್ಚಲು ಶುರುಮಾಡಿದ ಮೇಲೆ ನನಗೆ ಎಷ್ಟೋ ನೆಮ್ಮದಿ. ಸ್ತನ ಕ್ಯಾನ್ಸರ್ ಆಗಿದ್ದವರು ಅದನ್ನು ಮೊದಲೇ ಹೇಳಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿರಬೇಕು, ಮಲಬದ್ಧತೆಯೂ ಇರಬಾರದು. ಇಲ್ಲಿ 2016ರಿಂದ ಹಳೆಯ ಬಸ್ಸುಗಳನ್ನು ಹೆಂಗಸರ ಶೌಚಾಲಯವಾಗಿ ಮಾಡಿ ‘ತೀ’ (ಮರಾಠಿಯಲ್ಲಿ ‘ಅವಳು’) ಎಂದು ಹೆಸರಿಟ್ಟು ನಿಲ್ಲಿಸಿದ್ದರು. ಅಂಥದ್ದು ಪ್ರತಿ ಪೇಟೆಯಲ್ಲೂ ಬೇಕು.

ವಾಸ್ಕೊದಿಂದ:
ಗರ್ಭಿಣಿಯರಿಗೆ ಒಂದು ಮಾತು. ನನಗೆ ಉರಿ, ಜ್ವರ ಏನೂ ಇರಲಿಲ್ಲ, ಮೊದಲ ತಪಾಸಣೆಯ ಕಲ್ಚರ್‌ನಲ್ಲೇ ಸೋಂಕು ಸಿಕ್ಕಿತು. ಬಸಿರಿನಲ್ಲಿ ಲಕ್ಷಣವಿಲ್ಲದಿದ್ದರೂ ಚಿಕಿತ್ಸೆ ಬೇಕು, ಬಿಟ್ಟರೆ ಕಿಡ್ನಿಗೆ ಏರಬಹುದು ಎಂದು ವೈದ್ಯರು ಹೇಳಿದರು. ಆ ಪರೀಕ್ಷೆಯನ್ನು ತಪ್ಪಿಸಬೇಡಿ.

ಡೊಂಬಿವಲಿಯವರು ಮತ್ತೆ:
ಎಲ್ಲರಿಗೂ ಕೃತಜ್ಞತೆಗಳು. ಶುಶ್ರೂಷಕಿ ಅಕ್ಕ, ನಾನು ಹೊರಡುವ ಹೊತ್ತಿಗೆ ಲ್ಯಾಬ್ ತೆರೆದಿರುವುದಿಲ್ಲ. ಕಲ್ಚರ್‌ಗೆ ಮೂತ್ರವನ್ನು ಮನೆಯಲ್ಲೇ ಹಿಡಿದಿಟ್ಟು ಗಂಡನ ಕೈಯಲ್ಲಿ ಕಳುಹಿಸಬಹುದೇ?

ಸಾಯನ್‌ನಿಂದ, ಶುಶ್ರೂಷಕಿ:
ಕಳುಹಿಸಬಹುದು. ಲ್ಯಾಬ್‌ನಿಂದ ಮುಚ್ಚಳವಿರುವ ಕ್ರಿಮಿರಹಿತ ಡಬ್ಬಿಯನ್ನು ಹಿಂದಿನ ದಿನವೇ ತಂದಿಟ್ಟುಕೊಳ್ಳಿ, ಮನೆಯ ಬಾಟಲಿ ಆಗದು. ನೀರಿನಿಂದ ತೊಳೆದುಕೊಂಡು, ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಿರಿ. ಡಬ್ಬಿಯ ಒಳಭಾಗಕ್ಕೆ, ಮುಚ್ಚಳದ ಒಳಮೈಗೆ ಬೆರಳು ತಾಗಬಾರದು. ಒಂದೆರಡು ಗಂಟೆಯಲ್ಲಿ ತಲುಪದಿದ್ದರೆ ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಹಿಡಿದ ಸಮಯವನ್ನು ಡಬ್ಬಿಯ ಮೇಲೆ ಬರೆಯಿರಿ. ಇದೆಲ್ಲ ಆಂಟಿಬಯಾಟಿಕ್‌ನ ಮೊದಲ ಮಾತ್ರೆ ನುಂಗುವ ಮುಂಚೆಯೇ ಆಗಬೇಕು, ನಂತರ ಕೊಟ್ಟರೆ ರೋಗಾಣು ಬೆಳೆಯದೆ ವರದಿ ದಾರಿ ತಪ್ಪಿಸಬಹುದು. ವರದಿ ಬರಲು ಸಾಮಾನ್ಯವಾಗಿ ಎರಡು ಮೂರು ದಿನ ಬೇಕು. ಅಷ್ಟರೊಳಗೆ ಯಾವ ಮಾತ್ರೆ ಎಂಬುದನ್ನು ವೈದ್ಯರು ಹೇಳಲಿ.