ಹಿಂದಿನ ಡಿಸ್ಕ್ ಬ್ರೇಕ್ ಚರ್ ಚರ್ ಅನ್ನುತ್ತಿದೆ, ಎಣ್ಣೆ ಬಿಡಲಾ?

ಗಂಗಾವತಿ ಸವಾರ:
ನಮಸ್ಕಾರ್ರೀ. ನನ್ನದು ವೈರ್ ಡಿಸ್ಕ್ ಬ್ರೇಕಿನ ಎಂಟಿಬಿ, ಅಂದರೆ ಗುಡ್ಡ ಹತ್ತುವ ಸೈಕಲ್. ಭಾನುವಾರ ಆನೆಗೊಂದಿ ಕಡೆಯಿಂದ ಸಾಣಾಪುರ ಕೆರೆವರೆಗೆ ಹೋಗಿ ಬರುತ್ತೇನೆ. ಹೋದ ವಾರ ಕಂಪ್ಲಿಯಲ್ಲಿ ಚೈನ್ ಕಡಿಯಿತು. ಟಂಟಂ ಆಟೋದಲ್ಲಿ ಹಾಕಿಕೊಂಡು ಬಂದೆ. ಇಳಿಸುವಾಗ ನೋಡಿದರೆ ಸೈಕಲ್ ಮೇಲೆ ಎರಡು ಭತ್ತದ ಚೀಲ! ಅವತ್ತಿನಿಂದ ಹಿಂದಿನ ಚಕ್ರ ಚರ್ ಅನ್ನುತ್ತಿದೆ. ಡಿಸ್ಕನ್ನು ಎರಡೂ ಕಡೆಯಿಂದ ಅದುಮುವ ಕ್ಯಾಲಿಪರಿನ ಎರಡೂ ಬೋಲ್ಟ್ ಸಡಿಲಿಸಿ, ಲಿವರ್ ಹಿಡಿದು ಮತ್ತೆ ಬಿಗಿ ಮಾಡಿದೆ. ಹೋಗಲಿಲ್ಲ. ನಮ್ಮ ಓಣಿಯ ಬೈಕ್ ಮೆಕ್ಯಾನಿಕ್ ಎರಡು ಹನಿ ಎಣ್ಣೆ ಬಿಡು ಅಂದ. ಬಿಡಲಾ?

ಬಳ್ಳಾರಿಯ ಹಳೇ ಸೈಕಲ್ಲು:
ಬೇಡ ಮಾರಾಯ್ರೇ! ನಾನು ಆ ತಪ್ಪು ಮಾಡಿದವನು. ಸಂಡೂರಿಗೆ ಹೋಗಿದ್ದಾಗ ಅದಿರಿನ ಕೆಂಪು ಧೂಳು ಕೂತು ಸದ್ದು ಬರುತ್ತಿತ್ತು. ಚೈನಿನ ಎಣ್ಣೆ ಬಿಟ್ಟೆ. ಸದ್ದೇನೋ ನಿಂತಿತು, ಇಳಿಜಾರಿನಲ್ಲಿ ಸೈಕಲ್ ನಿಲ್ಲಲಿಲ್ಲ. ಕ್ಯಾಲಿಪರಿನೊಳಗೆ ಡಿಸ್ಕಿಗೆ ಒತ್ತುವ ಪ್ಯಾಡ್ ಎಣ್ಣೆ ಕುಡಿದು ಎಸೆಯಬೇಕಾಯಿತು. ಇರಲಿ, ಸದ್ದು ಒಂದೇ ಸಮ ಬರುತ್ತದೋ, ಚಕ್ರದ ಒಂದು ಸುತ್ತಿಗೆ ಒಂದು ಸಲವೋ?

ಗಂಗಾವತಿ ಸವಾರ:
ಸುತ್ತಿಗೆ ಒಂದು ಸಲ.

ಬಳ್ಳಾರಿಯ ಹಳೇ ಸೈಕಲ್ಲು:
ಹಾಗಾದರೆ ಡಿಸ್ಕ್ ಬಾಗಿದೆ, ಚೀಲದ್ದೇ ಕೆಲಸ. ಒಂದೇ ಸಮ ಬಂದಿದ್ದರೆ ಕ್ಯಾಲಿಪರ್ ಸರಿಸಿದರೆ ಸಾಕಿತ್ತು. ಮೊದಲು ಚಕ್ರ ಫ್ರೇಮಿನಲ್ಲಿ ನೆಟ್ಟಗೆ ಕೂತಿದೆಯಾ ನೋಡಿ. ಆಮೇಲೆ ಸೈಕಲ್ ತಲೆಕೆಳಗೆ ಮಾಡಿ, ಕ್ಯಾಲಿಪರಿನ ಹಿಂದೆ ಬಿಳಿ ಕಾಗದ ಹಿಡಿದು ಚಕ್ರ ನಿಧಾನ ತಿರುಗಿಸಿ. ಪ್ಯಾಡಿಗೂ ಡಿಸ್ಕಿಗೂ ನಡುವಿನ ಸಂದಿ ಚೆನ್ನಾಗಿ ಕಾಣುತ್ತದೆ. ತಾಗುವ ಜಾಗದ ಹತ್ತಿರ, ಡಿಸ್ಕ್ ಹಿಡಿದಿರುವ ತೋಳಿನ ಮೇಲೆ ಮಾರ್ಕರಿನಿಂದ ಗುರುತು ಹಾಕಿ. ಆ ಜಾಗವನ್ನು ಕ್ಯಾಲಿಪರಿನಿಂದ ಆಚೆ ತಂದು, ಸ್ಕ್ರೂ ಪಾನಾದ ಬಾಯಿ ಒರೆಸಿಕೊಂಡು ಹಿಡಿದು, ತಾಗದ ಕಡೆಗೆ ಸ್ವಲ್ಪವೇ ಬಗ್ಗಿಸಿ. ತಿರುಗಿಸಿ ನೋಡಿ, ಮತ್ತೆ ಸ್ವಲ್ಪ. ಜೋರು ಮಾಡಿದರೆ ಆಚೆ ಬಾಗುತ್ತದೆ. ಡಿಸ್ಕಿಗೆ ಬರಿಗೈ ತಾಗಿಸಬೇಡಿ, ಕೈ ಜಿಡ್ಡೂ ಎಣ್ಣೆಯೇ.

ಇನ್ನೊಂದು. ವೈರ್ ಬ್ರೇಕಿನಲ್ಲಿ ಸಾಮಾನ್ಯವಾಗಿ ಹೊರಗಿನ ಪ್ಯಾಡ್ ಒಂದೇ ಓಡಾಡುತ್ತದೆ. ಒಳಗಿನದು ನಿಂತೇ ಇರುತ್ತದೆ. ಅದನ್ನು ಅಲೆನ್ ಕೀಯಿಂದ ಡಿಸ್ಕಿನ ಹತ್ತಿರ ತನ್ನಿ, ತಾಗಿಯೂ ತಾಗದ ಹಾಗೆ. ಅದು ದೂರ ಇದ್ದರೆ ಲಿವರ್ ಹಿಡಿದಾಗಲೆಲ್ಲ ಡಿಸ್ಕ್ ಬಳುಕುತ್ತದೆ.

ರಾಯಚೂರು ಬಿಸಿಲು:
ಇಷ್ಟು ಕಷ್ಟ ಯಾಕ್ರೀ, ಹೊಸ ಡಿಸ್ಕೇ ಹಾಕಿಸಿ. ಹಳೇದರ ಮೇಲೆ 160 (ಮಿಲಿಮೀಟರ್) ಅಂತ ಬರೆದಿದ್ದರೆ ಅದೇ ಅಳತೆ ಕೇಳಿ. ಆರು ಬೋಲ್ಟಿನದ್ದಾದರೆ ನಕ್ಷತ್ರ ಬಾಯಿಯ ಟಿ25 ಕೀ ಬೇಕು. ಬೋಲ್ಟ್ ಎದುರುಬದುರಾಗಿ ಬಿಗಿ ಮಾಡಿ.

ಬಳ್ಳಾರಿಯ ಹಳೇ ಸೈಕಲ್ಲು:
ಬಗ್ಗಿಸಿ ಸರಿಯಾಗದಿದ್ದರೆ ತಗೊಳ್ಳಲಿ. ಸುಮ್ನೆ ದುಡ್ಡು ಯಾಕೆ ಈಗಲೇ?

ಗಂಗಾವತಿ ಸವಾರ:
ಎರಡು ಕಡೆ ಬಾಗಿತ್ತು. ಅರ್ಧ ಗಂಟೆ ಹಿಡಿಯಿತು, ಒಮ್ಮೆ ಜಾಸ್ತಿಯೇ ಬಗ್ಗಿಸಿ ಬೆವರು ಬಂತು. ಈಗ ಸಣ್ಣ ಟಿಕ್ ಒಂದು ಉಳಿದಿದೆ, ಬ್ರೇಕ್ ಮಾತ್ರ ಗಟ್ಟಿ ಹಿಡಿಯುತ್ತದೆ. ಒಂದೇ ಬೇಜಾರು: ಅವತ್ತು ಆ ಚೀಲದವನಿಗೆ ಚಹಾ ಕೊಡಿಸಿದ್ದು ನಾನೇ.