ಸಹಾಯ ಬೇಕು: ಹಿಮ ಬಿರುಗಾಳಿಯ ಸಮಯದಲ್ಲಿ ಗ್ಯಾಸ್ ಗೀಸರ್‌ನ ನೀರು ಖಾಲಿ ಮಾಡುವ ಬಗ್ಗೆ

ಎಲ್ಲರಿಗೂ ನಮಸ್ಕಾರ. ನಾವು ಟೆಕ್ಸಾಸ್‌ನ ಆಸ್ಟಿನ್ ನಗರದಲ್ಲಿದ್ದೇವೆ. 2021ರ ಫೆಬ್ರವರಿಯ ಹಿಮ ಬಿರುಗಾಳಿಯಲ್ಲಿ ರಾಜ್ಯದ 40 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ವಿದ್ಯುತ್ ನಿಂತಾಗ ನಮ್ಮ ಅಟ್ಟದಲ್ಲಿ ಹಾದುಹೋಗುವ ನೀರಿನ ಪೈಪ್ ಹೆಪ್ಪುಗಟ್ಟಿ ಸೀಳಿತು. ಮಂಜು ಕರಗಿದ ಮೇಲೆ ಮಲಗುವ ಕೋಣೆಯ ಜಿಪ್ಸಮ್ ಸೀಲಿಂಗ್ ನೆನೆದು ಹಾಸಿಗೆಯ ಮೇಲೆಯೇ ಕುಸಿಯಿತು. (ಇಲ್ಲಿನ ಮನೆಗಳನ್ನು ಸೆಖೆಗೆಂದೇ ಕಟ್ಟಿದಂತಿದೆ.)

ಈಗ ಪೈಪ್‌ಗಳಿಗೆ ಫೋಮ್ ಸುತ್ತಿಸಿ, ಹೊರಗಿನ ನಲ್ಲಿಗಳಿಗೆ ಕವಚ ಹಾಕಿಸಿದ್ದೇವೆ. ನಲ್ಲಿಯನ್ನು ಸಣ್ಣಗೆ ತೊಟ್ಟಿಕ್ಕಲು ಬಿಡಿ ಎಂದು ಹಲವರು ಹೇಳುತ್ತಾರೆ. ಆದರೆ ಆ ಸಲ ನಗರದ ನೀರಿನ ಒತ್ತಡವೇ ಕುಸಿದು, ನೀರನ್ನು ಕುದಿಸಿಯೇ ಕುಡಿಯಬೇಕೆಂಬ ಸೂಚನೆ ಬಂದಿದ್ದರಿಂದ ಅದೊಂದನ್ನೇ ನಂಬಿ ಕೂರಲು ಧೈರ್ಯವಾಗುತ್ತಿಲ್ಲ. ಕರೆಂಟ್ ಹೋದರೆ ಮೇನ್ ವಾಲ್ವ್ ಮುಚ್ಚಿ, ನಲ್ಲಿಗಳನ್ನೆಲ್ಲ ತೆರೆದು ಪೈಪ್ ಖಾಲಿ ಮಾಡುವುದೆಂದು ತೀರ್ಮಾನಿಸಿದ್ದೇವೆ.

ಗೊಂದಲವಿರುವುದು ಹೊರಗೋಡೆಗೆ ಅಳವಡಿಸಿರುವ, ಟ್ಯಾಂಕ್ ಇಲ್ಲದ ಗ್ಯಾಸ್ ಗೀಸರ್ ಬಗ್ಗೆ. ಅದು ಹೆಪ್ಪುಗಟ್ಟದಂತೆ ಕಾಯುವ ಪುಟ್ಟ ಹೀಟರ್ ಕರೆಂಟ್ ಇದ್ದರೆ ಮಾತ್ರ ನಡೆಯುತ್ತದೆ. ಬಿಸಿನೀರಿನ ನಲ್ಲಿ ತೆರೆದರೆ ಸಾಕೆಂದು ಒಬ್ಬ ಪ್ಲಂಬರ್ ಹೇಳಿದರೆ, ಇನ್ನೊಬ್ಬರು ಗೀಸರ್‌ನ ಕೆಳಗಿನ ಡ್ರೈನ್ ವಾಲ್ವ್‌ಗಳಿಂದಲೇ ನೀರು ಬಸಿಯಬೇಕು ಎನ್ನುತ್ತಾರೆ.

ಇಂಥ ಗೀಸರ್ ಬಳಸುವವರು ದಯವಿಟ್ಟು ತಿಳಿಸಿ: ಗ್ಯಾಸ್, ವಿದ್ಯುತ್ ಮತ್ತು ನೀರನ್ನು ಯಾವ ಕ್ರಮದಲ್ಲಿ ಬಂದ್ ಮಾಡಿ ಅದನ್ನು ಪೂರ್ತಿ ಖಾಲಿ ಮಾಡಬೇಕು?