ಮಗನ ಮೊಹರಂ ಹರಕೆ ಇನ್ನೂ ಎರಡು ವರ್ಷ ಬಾಕಿ, ಊರಲ್ಲಿ ಈಗ ‘ಬೇಡ’ ಅಂತಿದ್ದಾರೆ. ನಿಮ್ಮ ಕಡೆ ಹೇಗೆ?

ಪ್ರಶ್ನೆ: ಮುಂಡರಗಿ ಕಡೆಯವ

ಮೊದಲೇ ಹೇಳಿಬಿಡುತ್ತೇನೆ, ಯಾವ ಪಕ್ಷ ಸರಿ ಅನ್ನೋ ಜಗಳಕ್ಕೆ ಇದನ್ನು ಹಾಕುತ್ತಿಲ್ಲ. ನನಗೆ ಬೇಕಿರೋದು ಒಂದು ಮನೆ ವಿಷಯಕ್ಕೆ ಸಲಹೆ.

ನಮ್ಮದು ಮುಂಡರಗಿ ತಾಲ್ಲೂಕಿನ ಹೊಳೆ ದಂಡೆಯ ಸಣ್ಣ ಊರು. ನಾವು ಲಿಂಗಾಯತರು. ನನ್ನ ಹೆಸರು ಫಕೀರಪ್ಪ. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕುವಾಗ ಹೆಸರು ಹೇಳಿದ ಕೂಡಲೇ ಓನರು, “ನೀವು ಯಾವ ಜನ?” ಅಂದರು. ಹಣೆ ಮೇಲೆ ವಿಭೂತಿ, ಹೆಸರು ಫಕೀರಪ್ಪ. ಪಾಪ, ಅವರಿಗೆ ತಾಳೆಯೇ ಆಗಲಿಲ್ಲ. ನಮ್ಮ ಕಡೆ ಇದರಲ್ಲಿ ವಿಶೇಷ ಏನೂ ಇಲ್ಲ. ಶಿರಹಟ್ಟಿ ಮಠದ ಫಕೀರೇಶ್ವರನಿಗೆ ಹರಕೆ ಹೊತ್ತು ಹುಟ್ಟಿದ ಮಕ್ಕಳು ಫಕೀರಪ್ಪ, ಫಕೀರವ್ವ. ಅಲೈ ದೇವರಿಗೆ (ಮೊಹರಂನಲ್ಲಿ ಕೂರಿಸೋ ದೇವರು) ಹೊತ್ತರೆ ಹುಸೇನಪ್ಪ, ಕಾಸೀಮಪ್ಪ. ಗದಗ, ಕೊಪ್ಪಳ, ರಾಯಚೂರು ಕಡೆಯ ಯಾವುದಾದರೂ ಹಳ್ಳಿಯ ವೋಟರ್ ಲಿಸ್ಟ್ ತೆಗೆದು ನೋಡಿ, ಗೊತ್ತಾಗುತ್ತೆ.

ಊರಲ್ಲಿ ಪಿಂಜಾರರ (ಹತ್ತಿ ಹಿಂಜುವ ಮುಸ್ಲಿಮರ) ಮನೆ ಇದ್ದದ್ದು ಒಂದೇ. ಅವರೂ ಗಾದಿ ಹೊಲಿಯುವ ಕೆಲಸಕ್ಕೆ ಹುಬ್ಬಳ್ಳಿಗೆ ಹೋಗಿ ಹದಿನೈದು ವರ್ಷದ ಮೇಲಾಯಿತು. ಹೋಗುವಾಗ ದೇವರ ಪೆಟ್ಟಿಗೆಯ ಕೀಲಿಯನ್ನು ಕುರುಬರ ಮನೆಯ ಹಿರಿಯರಿಗೆ ಕೊಟ್ಟರು. ಅಂದಿನಿಂದ ಪಂಜಾ (ಲೋಹದ ಹಸ್ತದ ದೇವರು) ತೊಳೆಯೋದು, ಹಸಿರು ಬಟ್ಟೆ ಉಡಿಸೋದು, ಹೊರೋದು ಎಲ್ಲ ಅವರೇ. ಮಸೀದಿ ಅಂತ ನಾವು ಕರೆಯೋದು ಒಂದು ಅಂಕಣದ ಮಣ್ಣಿನ ಮನೆ. ಅಲ್ಲಿ ನಮಾಜ್ ನಡೆದದ್ದನ್ನು ನಾನಂತೂ ನೋಡಿಲ್ಲ. ಮುಂದೆ ಬೇವಿನ ಮರ, ಅದರ ಕೆಳಗೆ ಕುಣಿ, ಅಂದರೆ ಬೆಂಕಿ ಹಾಕುವ ಗುಂಡಿ. ನಾನು ಸಣ್ಣವನಿದ್ದಾಗ, 2000ದ ಸುಮಾರಿಗೆ, ಮೊಹರಂ ಏಪ್ರಿಲ್‌ನಲ್ಲಿ ಬರುತ್ತಿತ್ತು. ಆ ಬಿಸಿಲಲ್ಲಿ ಕುಣಿಯ ಬೆಂಕಿ ಸುತ್ತ ಹೆಜ್ಜೆ ಹಾಕಿ ಅಂಗಿಯೆಲ್ಲ ಬೆವರು. ವರ್ಷಕ್ಕೆ ಹನ್ನೊಂದು ದಿನ ಹಿಂದೆ ಸರಿಯುವ ಹಬ್ಬ, ನಮ್ಮ ಹಬ್ಬಗಳ ಹಾಗೆ ಅಧಿಕ ಮಾಸ ಹಾಕಿ ಸರಿ ಮಾಡಲ್ಲ. ಈಗ ಮುಂಗಾರಿಗೆ ಬಂದು ನಿಂತಿದೆ. ಕುಣಿಯ ಮೇಲೆ ತಗಡು ಹಾಕಬೇಕಾಗಿದೆ.

ನನ್ನ ಮಗನಿಗೆ ಎರಡು ವರ್ಷ ಆಗಿದ್ದಾಗ ಜ್ವರ ಏರಿ ಫಿಟ್ಸ್ ಬಂತು. ಐದು ದಿನ ಆಸ್ಪತ್ರೆ. ಆಗ ನಮ್ಮ ಅಮ್ಮ (ಅಪ್ಪನ ತಾಯಿ, ನಾವು ಅಮ್ಮ ಅಂತಲೇ ಕರೆಯೋದು) ಐದು ವರ್ಷ ಇವನನ್ನು ಫಕೀರ ಮಾಡುತ್ತೇನೆ ಅಂತ ಹರಕೆ ಹೊತ್ತಳು. ಅಂದರೆ ಮೊಹರಂನಲ್ಲಿ ಕೊರಳಿಗೆ ಲಾಡಿ (ಹರಕೆಯ ದಾರ) ಹಾಕಿ, ಐದು ಮನೆ ಬೇಡಿಸಿ, ದೇವರ ಮುಂದೆ ಸಕ್ಕರೆ ಇಟ್ಟು ಮಂತ್ರ ಓದಿಸಿಕೊಂಡು ಬರೋದು. ಮೂರು ವರ್ಷ ಆಗಿದೆ.

ಹೋದ ವರ್ಷ (2025) ಜುಲೈ 6ಕ್ಕೆ ಆಷಾಢ ಏಕಾದಶಿಯೂ ಮೊಹರಂ ಕೊನೆ ದಿನವೂ ಒಂದೇ ದಿನ ಬಿದ್ದಿತ್ತು. ನಮ್ಮ ಓಣಿಯ ವಿಠ್ಠಲನ ಗುಡಿಯಲ್ಲಿ ಭಜನೆ. ದೇವರು ಹೊಳೆಗೆ ಹೊರಟು ಗುಡಿ ಮುಂದೆ ಬಂದಾಗ ಭಜನೆಯವರು ತಾಳ ಕೆಳಗಿಟ್ಟು ಹೊರಗೆ ಬಂದರು. ಕೊಡ ತಂದು, ದೇವರು ಹೊತ್ತವರ ಕಾಲಿಗೆ ನೀರು ಹಾಕಿದರು. ನಮ್ಮ ಅಮ್ಮ ಭಜನೆಯವರಲ್ಲಿ ಒಬ್ಬರಿಗೆ ಚೋಂಗೆ (ಮೊಹರಂನ ಬೆಲ್ಲದ ಸಿಹಿ ತಿಂಡಿ) ಕೊಡಲು ಹೋದಳು. “ಉಪವಾಸ ಐತಿ ಯವ್ವಾ, ನಾಳೆಗೆ ಎರಡು ಎತ್ತಿಡು” ಅಂದರು. ಅಷ್ಟೇ. ಯಾರೂ ಭಾಷಣ ಮಾಡಲಿಲ್ಲ.

ಈ ವರ್ಷ ಊರಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜು ಓಡಾಡುತ್ತಿದೆ. ಸತ್ತವರ ಶೋಕದ ದಿನ ನಾವ್ಯಾಕೆ ಕುಣಿಯಬೇಕು, ಆ ಪಟ್ಟಿ (ಚಂದಾ) ದುಡ್ಡನ್ನು ಗಣಪತಿಗೆ ಕೂಡಿಡೋಣ ಅಂತ. ಹಾಕಿದವರು ಮುಂದಿನ ಪಂಚಾಯ್ತಿ ಚುನಾವಣೆಗೆ ನಿಲ್ಲಬೇಕು ಅಂತ ಓಡಾಡುತ್ತಿರೋರು. ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇರಲ್ಲ, ಆದರೆ ಯಾರು ಯಾರ ಕಡೆ ಅಂತ ಎಮ್ಮೆಗೂ ಗೊತ್ತಿರುತ್ತೆ. ತಮಾಷೆ ಏನಪ್ಪಾ ಅಂದರೆ, 2020ರ ಚುನಾವಣೆ ಇದೇ ಮನುಷ್ಯನಿಗೆ ಹನ್ನೊಂದು ವೋಟಲ್ಲಿ ಕೈ ತಪ್ಪಿತ್ತು. ಅದಕ್ಕೂ ಮುಂಚೆ ಮೊಹರಂನಲ್ಲಿ ಐದು ಕೆಜಿ ಸಕ್ಕರೆ ತಂದು ಓದಿಸಿ, ಹಣೆಗೆ ಊದಿ ಹಚ್ಚಿಸಿಕೊಂಡು ಹೋಗಿದ್ದು ನಾನೇ ನೋಡಿದ್ದೇನೆ. ಆ ಸಿಟ್ಟೋ ಏನೋ! ಇನ್ನೊಂದು ಕಡೆಯ ಆಕಾಂಕ್ಷಿ ತಕ್ಷಣ, “ಈ ಸಲ ಬ್ಯಾಂಡು, ಶಾಮಿಯಾನ ಎಲ್ಲ ನನ್ನದು” ಅಂದಿದ್ದಾರೆ. ಅವರು ಇಷ್ಟು ವರ್ಷ ಐವತ್ತು ರೂಪಾಯಿ ಪಟ್ಟಿ ಕೊಡೋಕೂ ಕೊಸರಾಡುತ್ತಿದ್ದೋರು.

ಅಪ್ಪ ಫೋನ್ ಮಾಡಿ, “ಈ ವರ್ಷ ಹುಡುಗನ್ನ ಕರಕೊಂಡು ಬರಬ್ಯಾಡ, ಸುಮ್ನ ಯಾಕ” ಅಂದರು. ನನ್ನ ಹೆಂಡತಿಗೂ ಅದೇ ಸರಿ ಅನ್ನಿಸಿದೆ. ಅಮ್ಮನಿಗೆ ಇನ್ನೂ ಹೇಳಿಲ್ಲ. ನಿಮ್ಮ ಊರುಗಳಲ್ಲಿ ಇಂಥದ್ದು ಬಂದಾಗ ಏನು ಮಾಡಿದಿರಿ? ಅಮ್ಮನಿಗೆ ಏನಂತ ಹೇಳಲಿ?

ಉತ್ತರ 1: ಸವದತ್ತಿ ಮೇಷ್ಟ್ರು

ನಮ್ಮ ತಾಲ್ಲೂಕಿನ ಹಿರೇಬಿದನೂರಿನ ಹೆಸರು ಕೇಳಿರಬಹುದು. ಅಲ್ಲಿ ಮುಸ್ಲಿಮರ ಮನೆ ಒಂದೂ ಇಲ್ಲ. ಕುರುಬರು, ವಾಲ್ಮೀಕಿ ಜನ ಜಾಸ್ತಿ. ಆದರೂ ಮಸೀದಿ ಇದೆ, ಪೂಜೆ ಇದೆ, ಮೊಹರಂ ಐದು ದಿನ ನಡೆಯುತ್ತೆ. 2022ರಲ್ಲಿ ಟಿವಿಯವರು ಅದನ್ನು ಏನೋ ಅದ್ಭುತದ ಹಾಗೆ ತೋರಿಸಿದರು. ಸುತ್ತಲಿನ ಊರವರಿಗೆ ನಗು. ಇದರಲ್ಲಿ ತೋರಿಸೋದು ಏನಿದೆ ಅಂತ.

ನನ್ನ ಅನುಭವ ಹೇಳುತ್ತೇನೆ. ಮೆಸೇಜಿಗೆ ಮೆಸೇಜಲ್ಲಿ ಉತ್ತರ ಕೊಡಬೇಡಿ. ನಮ್ಮೂರಲ್ಲಿ ಒಬ್ಬ ಹುಡುಗ ಹಾಗೆ ಮಾಡಿದ. ಎರಡೇ ದಿನದಲ್ಲಿ ಅದು ಊರಿಂದ ಹೊರಗೆ ಹೋಗಿ, ಸಂಬಂಧ ಇಲ್ಲದವರೆಲ್ಲ ಬಂದು ಸೇರಿಕೊಂಡರು. ಪೊಲೀಸರು ಶಾಂತಿ ಸಭೆ ಕರೆಯಬೇಕಾಯಿತು. ಕೊನೆಗೆ ನಾವು ಮಾಡಿದ್ದು ಇಷ್ಟೇ: ಹಳೆ ಪಟ್ಟಿ ಪುಸ್ತಕ ತೆಗೆದು ಚಾವಡಿಯಲ್ಲಿ ಓದಿದೆವು. ಯಾರ ಅಜ್ಜ ಎಷ್ಟು ಕೊಟ್ಟಿದ್ದ, ಯಾರ ಮನೆಯಿಂದ ಸೌದೆ, ಯಾರ ಮನೆಯಿಂದ ಎಣ್ಣೆ. ಬೇಡ ಅಂತಿದ್ದವನ ಅಜ್ಜನ ಹೆಸರೂ ಬಂತು, ಒಂದು ಮಣ ಜೋಳ. ಅವನು ಎದ್ದು ಹೋಗಲಿಲ್ಲ, ಒಪ್ಪಲೂ ಇಲ್ಲ. ಹಬ್ಬ ಮಾತ್ರ ಆಯಿತು.

ಆ ಬ್ಯಾಂಡು, ಶಾಮಿಯಾನದವರನ್ನೂ ದೂರ ಇಡಿ. ಅವರು ಕೊಟ್ಟ ಮೇಲೆ ಫ್ಲೆಕ್ಸ್ ಬರುತ್ತೆ. ಫ್ಲೆಕ್ಸ್ ಬಂದ ಮೇಲೆ ಅದು ದೇವರ ಹಬ್ಬ ಅಲ್ಲ.

ಉತ್ತರ 2: ಲಿಂಗಸುಗೂರು ದಾರಿ

ಫಕೀರಪ್ಪಣ್ಣ, ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ. ನಮ್ಮದು ಮುದಗಲ್ ಹತ್ತಿರ. ಮುದಗಲ್ ಮೊಹರಂ ಅಂದರೆ ಆಂಧ್ರ, ತೆಲಂಗಾಣ, ಮಹಾರಾಷ್ಟ್ರದಿಂದಲೂ ಜನ ಬರುತ್ತಾರೆ. ಅದರ ನೆರಳಲ್ಲೇ ನಮ್ಮೂರಿನ ಸಣ್ಣ ಹಬ್ಬ. ನಮ್ಮ ದಾದಾ ಅಲ್ಲಿ ಮುಜಾವರ್ (ದೇವರ ಸೇವೆ ಮಾಡೋರು) ಆಗಿದ್ದರು. ನವಿಲುಗರಿ ಕಟ್ಟು ಹಿಡಿದು ಮಕ್ಕಳ ತಲೆ ಮೇಲೆ ಆಡಿಸುತ್ತಿದ್ದದ್ದು ಈಗಲೂ ಕಣ್ಣಲ್ಲಿದೆ. ಸಾಲಲ್ಲಿ ನಿಂತವರಲ್ಲಿ ಮುಕ್ಕಾಲು ಪಾಲು ನಿಮ್ಮಂಥವರೇ.

ಈಗ ನಮಗೆ ‘ಬೇಡ’ ಅಂತ ಹೇಳುತ್ತಿರೋರು ನಮ್ಮ ಜಮಾತಿನ ಹುಡುಗರೇ. ಇದು ಶಿರ್ಕ್, ದೇವರಿಗೆ ಜೊತೆ ಕಲ್ಪಿಸಿದ ಹಾಗೆ ಅಂತಾರೆ. ಅವರು ಹೇಳೋದು ಸುಳ್ಳು ಅಂತ ನಾನು ಅನ್ನಲಾರೆ. ಓದಿಕೊಂಡವರು. ಕರ್ಬಲಾದಲ್ಲಿ ಇಮಾಮ್ ಹುಸೇನರು ನೀರಿಲ್ಲದೆ ಹೋರಾಡಿ ಹುತಾತ್ಮರಾದದ್ದು 680ರಲ್ಲಿ. ಅದಕ್ಕೂ ಇಲ್ಲಿ ಮೊಹರಂಗೆ ಹಾಕೋ ಹುಲಿ ವೇಷಕ್ಕೂ ಏನು ಸಂಬಂಧ ಅಂದರೆ ನನ್ನ ಹತ್ತಿರ ಉತ್ತರ ಇಲ್ಲ. ನಮ್ಮಣ್ಣ ಈಗ ಎರಡು ದಿನ ರೋಜಾ ಇಟ್ಟು ಮನೆಯಲ್ಲೇ ಇರುತ್ತಾನೆ. ಕುಣಿ ಕಡೆ ತಿರುಗಿಯೂ ನೋಡಲ್ಲ.

ಅಮ್ಮಿ ಕಥೆ ಬೇರೆ. ಅಣ್ಣನಿಗೆ ಗೊತ್ತಾಗದ ಹಾಗೆ ಪಕ್ಕದ ಮನೆ ಗೌಡ್ತಿ ಕೈಯಲ್ಲಿ ಸಕ್ಕರೆ ಪೊಟ್ಟಣ ಕೊಟ್ಟು ಕಳಿಸುತ್ತಾಳೆ. ಗೌಡ್ತಿ ಓದಿಸಿಕೊಂಡು ಬಂದು ಹಿತ್ತಿಲ ಗೋಡೆ ಮೇಲಿಂದ ಕೊಡುತ್ತಾಳೆ. ಅಣ್ಣನಿಗೆ ಗೊತ್ತಿದೆ ಅಂತ ನನ್ನ ಗುಮಾನಿ. ಆ ದಿನದ ಚಹಾ ಅವನಿಗೂ ಅದೇ ಸಕ್ಕರೆಯದ್ದು.

ಉತ್ತರ 3: ನೇರ ಮಾತು

ಯಾರ ಮನಸ್ಸನ್ನೂ ನೋಯಿಸೋಕೆ ಅಲ್ಲ. ಹರಕೆಯನ್ನು ನಮ್ಮ ಮನೆ ದೇವರಿಗೇ ಹೊರಬಹುದಲ್ವಾ? ನಾವು ಅವರ ಹಬ್ಬ ಮಾಡುತ್ತೇವೆ, ಸರಿ. ಅವರು ನಮ್ಮ ತೇರು ಎಳೆಯೋಕೆ ಬರುತ್ತಾರಾ? ಒಂದು ಕಡೆಯಿಂದಲೇ ಯಾಕೆ ಯಾವಾಗಲೂ?

ಉತ್ತರ 4: ಲಿಂಗಸುಗೂರು ದಾರಿ

‘ಅವರು’ ಅಂದರೆ ನಾನೇ ಅಲ್ವಾ ಸರ್? ನಮ್ಮೂರ ಬಸವಣ್ಣನ ಜಾತ್ರೆಗೆ ನಮ್ಮ ಚಿಕ್ಕಪ್ಪ ಬಳೆ ಅಂಗಡಿ ಹಾಕುತ್ತಾರೆ, ತೇರಿಗೆ ಉತ್ತತ್ತಿ ಎಸೆಯುತ್ತಾರೆ. ತೇರಿನ ಹಗ್ಗ ಹಿಡಿದಿದ್ದಾರಾ ಅಂತ ಕೇಳಿ ಹೇಳುತ್ತೇನೆ. ಬೆನ್ನು ನೋವಿದೆ, ಹಿಡಿದಿರಲಿಕ್ಕಿಲ್ಲ.

ಉತ್ತರ 5: ಹಲಗೆ ಮನೆ

ಎಲ್ಲರೂ ಚೆನ್ನಾಗಿ ಬರೆದಿದ್ದೀರಿ. ನನಗೆ ಮಾತ್ರ ಓದುತ್ತಾ ಗಂಟಲು ಕಟ್ಟಿತು, ಆದರೆ ಖುಷಿಗಲ್ಲ.

ನಮ್ಮಪ್ಪ ನಲವತ್ತು ವರ್ಷ ಮೊಹರಂನಲ್ಲಿ ಹಲಗೆ ಬಾರಿಸಿದವರು. ಕತಲ್ ರಾತ್ರಿ (ಕೊನೆ ದಿನದ ಹಿಂದಿನ ರಾತ್ರಿ) ಪೂರ್ತಿ. ಹಲಗೆ ಚರ್ಮ ಸಡಿಲಾದರೆ ಅದೇ ಕುಣಿಯ ಬೆಂಕಿಗೆ ಹಿಡಿದು ಕಾಸುತ್ತಿದ್ದರು. ಆ ಸದ್ದಿಗೆ ಗೌಡರ ಮಕ್ಕಳು, ಎಲ್ಲರ ಮಕ್ಕಳು ಹೆಜ್ಜೆ ಹಾಕಿದರು. ಆದರೆ ಬೆಳಿಗ್ಗೆ ಸಕ್ಕರೆ ಹಂಚುವಾಗ ಅಪ್ಪನಿಗೆ ಬಂದದ್ದು ಮೇಲಿಂದ, ಟವೆಲ್ ಒಡ್ಡಿದಾಗ. ಮಸೀದಿಯ ಕಟ್ಟೆ ಹತ್ತಿದ್ದಿಲ್ಲ. ದೇವರನ್ನು ಮುಟ್ಟಿದ್ದಿಲ್ಲ. ಹಿಂದೂ ಮುಸ್ಲಿಂ ಒಂದಾಗಿದ್ದರು ಅಂತ ಬರೆಯುವಾಗ ನಮ್ಮನ್ನು ಯಾವ ಕಡೆ ಎಣಿಸುತ್ತೀರಿ?

ನಮ್ಮ ಕೇರಿಯ ಹುಡುಗರು ಹಲಗೆ ಬಿಟ್ಟರು. ಮುಂದಿನ ವರ್ಷ ಊರವರು ಮುಂಡರಗಿಯಿಂದ ಬಾಡಿಗೆ ಬ್ಯಾಂಡ್ ತರಿಸಿದರು. ಹಬ್ಬ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ನಮ್ಮವ್ವನೂ ಹರಕೆ ಹೊತ್ತವಳೇ. ನನ್ನ ತಮ್ಮನ ಹೆಸರೂ ಹುಸೇನಪ್ಪನೇ. ನಿಮ್ಮೂರಲ್ಲಿ ಸಭೆ ಸೇರಿದರೆ ಹಬ್ಬ ಬೇಕೋ ಬೇಡವೋ ಅಂತ ಮಾತ್ರ ಮಾತಾಡಬೇಡಿ, ಕಟ್ಟೆ ಯಾರು ಹತ್ತಬಹುದು ಅನ್ನೋದನ್ನೂ ಕೇಳಿ ಅಣ್ಣಾ.

ಉತ್ತರ 6: ಸೊರಬದ ಸೊಸೆ

ನಾನು ಮಲೆನಾಡಿನವಳು, ಮದುವೆಯಾಗಿ ಬಂದದ್ದು ಕೊಪ್ಪಳ ಕಡೆಗೆ. ಮೊದಲ ವರ್ಷ ನನ್ನ ಮಗುವಿನ ಕೊರಳಿಗೆ ಲಾಡಿ ಕಟ್ಟಿ, ಮನೆ ಮನೆ ಬೇಡೋಕೆ ಹೊರಡಿಸಿದಾಗ ನಾನು ಅತ್ತಿದ್ದೆ. ಧರ್ಮದ ವಿಷಯಕ್ಕೆ ಅಲ್ಲ. ನಮ್ಮ ಮಗು ಭಿಕ್ಷೆ ಬೇಡೋದಾ ಅಂತ. ಅತ್ತೆ ಆಗ ಏನೂ ಹೇಳಲಿಲ್ಲ. ತಾವೇ ಜೊತೆಗೆ ಜೋಳಿಗೆ ಹಿಡಿದು ಹೊರಟರು.

ನಿಮ್ಮ ಹೆಂಡತಿ ‘ಬೇಡ’ ಅಂದದ್ದು ಯಾಕೆ ಅಂತ ಸರಿಯಾಗಿ ಕೇಳಿದ್ದೀರಾ? ವಾಟ್ಸಾಪ್ ಕಾರಣವೇ ಇರಬೇಕು ಅಂತೇನಿಲ್ಲ. ಮಗುವಿಗೆ ಹೊಗೆ ಆಗಿಬರಲ್ಲ ಅಂತಲೂ ಇರಬಹುದು. ಇನ್ನು ಅಮ್ಮನಿಗೆ ಏನು ಹೇಳಲಿ ಅಂತ ನಮ್ಮನ್ನೆಲ್ಲ ಕೇಳುತ್ತೀರಲ್ಲ, ಅಮ್ಮನನ್ನೇ ಕೇಳಿ. ಹೊತ್ತವರು ಅವರು.

ಪ್ರಶ್ನೆ ಕೇಳಿದವರು: ಮುಂಡರಗಿ ಕಡೆಯವ

ಎಲ್ಲರಿಗೂ ಥ್ಯಾಂಕ್ಸ್. ಸೊರಬದ ಅಕ್ಕ ಹೇಳಿದ್ದು ನಿಜ. ಹೆಂಡತಿಗೆ ಚಿಂತೆ ಇದ್ದದ್ದು ಹೊಗೆಯದ್ದೇ. ಫಿಟ್ಸ್ ಬಂದ ಮಗು, ರಾತ್ರಿಯೆಲ್ಲ ನಿದ್ದೆ ಇಲ್ಲದೆ ಲೋಬಾನದ ಹೊಗೆಯಲ್ಲಿ ಕೂರಿಸೋದು ಬೇಡ ಅಂತ. ಕತಲ್ ರಾತ್ರಿ ಮನೆಯಲ್ಲಿ ಮಲಗಿಸಿ, ಬೆಳಿಗ್ಗೆ ಮಾತ್ರ ಕರೆದುಕೊಂಡು ಹೋಗೋದು ಅಂತ ಒಪ್ಪಂದ ಆಗಿದೆ.

ನಿನ್ನೆ ಅಮ್ಮನಿಗೆ ಫೋನ್ ಮಾಡಿದೆ. ಮೆಸೇಜ್ ವಿಷಯ ಹೇಳಿದೆ. ಆಕೆಗೆ ಮೊದಲೇ ಗೊತ್ತಿತ್ತು. “ಅಂವಾ? ಅವರವ್ವ ನಿನ್ನೆ ಬಂದು ಚೋಂಗೆಗೆ ಬೆಲ್ಲ ಕೊಟ್ಟು ಹೋಗ್ಯಾಳ” ಅಂದಳು. ಆಮೇಲೆ, ಹುಡುಗನಿಗೆ ಹೋದ ವರ್ಷದ ಹಸಿರು ಅಂಗಿ ಗಿಡ್ಡ ಆಗಿರಬೇಕು, ಹೊಸದು ಹೊಲಿಸು, ರೆಡಿಮೇಡ್ ತರಬೇಡ ಅಂತ ಹತ್ತು ನಿಮಿಷ ಹೇಳಿದಳು.

ಹಲಗೆ ಮನೆ ಸರ್, ನೀವು ಬರೆದದ್ದನ್ನೂ ಕೇಳಿದೆ. ನಮ್ಮೂರಲ್ಲಿ ಹಲಗೆಯವರು ಕಟ್ಟೆ ಹತ್ತುತ್ತಿದ್ದರಾ ಅಂತ. ಇಷ್ಟು ವರ್ಷ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಅಮ್ಮ ಸ್ವಲ್ಪ ಹೊತ್ತು ಮಾತಾಡಲಿಲ್ಲ. “ಮೊದಲಿಂದ ಹಂಗs ನಡಕೊಂಡು ಬಂದೈತಪಾ” ಅಂದಳು. ಒಲೆ ಮೇಲೆ ಹಾಲಿದೆ ಅಂತ ಫೋನ್ ಇಟ್ಟಳು. ಕೀಲಿ ಇರೋ ಮನೆಯವರ ಹತ್ತಿರ ಇದನ್ನು ನಾನೇ ಎತ್ತಬೇಕು. ಹೇಗೆ ಶುರು ಮಾಡಲಿ ಅಂತ ಇನ್ನೂ ಗೊತ್ತಾಗಿಲ್ಲ. ಮೇಷ್ಟ್ರೇ, ಆ ಪಟ್ಟಿ ಪುಸ್ತಕದಲ್ಲಿ ಹಲಗೆಯವರ ಹೆಸರು ಇತ್ತಾ? ಇದ್ದರೆ ತಿಳಿಸಿ.

ಬಸ್ ಬುಕ್ ಆಯಿತು. ಮೊಹರಂ ದಿನ ಸರ್ಕಾರಿ ರಜೆ ಇದ್ದೇ ಇದೆ, ಅದರ ಹಿಂದಿನ ದಿನಕ್ಕೆ ಆಫೀಸಿನಲ್ಲಿ ರಜೆ ಹಾಕಿದೆ. ಅರ್ಜಿಯಲ್ಲಿ ಕಾರಣ ಅಂತ ಒಂದು ಖಾನೆ ಇದೆ. ‘ಮನೆ ದೇವರ ಹಬ್ಬ’ ಅಂತ ಬರೆದೆ.